ಕಾಶಮ್ಮನ ಸಾರಿನ ಮೇಲೆ ನಾನು ಹೊರಿಸಿದ ಅಪವಾದ

2022ರ ಜೂನ್‌ನಲ್ಲಿ ನಾನು ಶಹಾಬಾದ ಮತ್ತು ವಾಡಿಯ ನಡುವಿನ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಸೇರಿದೆ. ವಯಸ್ಸು ಇಪ್ಪತ್ತಾರು, ಮದುವೆಯಾಗಿರಲಿಲ್ಲ, ಮನೆಯಲ್ಲಿ ನಾವು ಮೂವರೂ ಗಂಡುಮಕ್ಕಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನೀವು ನನ್ನನ್ನು ಬೈಯುವಾಗ ಸ್ವಲ್ಪ ರಿಯಾಯಿತಿ ಸಿಗಲಿ ಎಂದು.

ಬಂದ ಹೊಸತರಲ್ಲೇ ಹೆಡ್‌ಮಾಸ್ತರರು ಒಂಬತ್ತನೆಯ ತರಗತಿಯ ಜೊತೆಗೆ ಬಿಸಿಯೂಟದ ಉಸ್ತುವಾರಿಯನ್ನೂ ನನ್ನ ಕೊರಳಿಗೆ ಕಟ್ಟಿದರು. ಹುಡುಗಿಯರ ರಜಾ ಅರ್ಜಿಗಳಲ್ಲೆಲ್ಲ ಒಂದೇ ಕಾರಣ ಇರುತ್ತಿತ್ತು: ಹೊಟ್ಟೆನೋವು. ಎರಡು ದಿನವೋ ಮೂರು ದಿನವೋ ಬರುತ್ತಿರಲಿಲ್ಲ, ಆಮೇಲೆ ಬಂದು ಏನೂ ಆಗದವರಂತೆ ಕೂರುತ್ತಿದ್ದರು. ನನ್ನೊಳಗಿನ ವಿಜ್ಞಾನಿ ಎದ್ದು ಕುಳಿತ. ಯಾರು ಯಾವ ತಾರೀಖಿನಂದು ಬಂದಿಲ್ಲ ಎಂದು ಪಟ್ಟಿ ಮಾಡಿದೆ. ಎಲ್ಲರೂ ಬಿಸಿಯೂಟ ಉಣ್ಣುವವರೇ. ಅಲ್ಲಿಗೆ ತಪ್ಪು ಸಾರಿನದೇ ಎಂದು ತೀರ್ಮಾನಿಸಿದೆ. ಖಚಿತಪಡಿಸಿಕೊಳ್ಳಲು ವಾರವಿಡೀ ನಾನೂ ಅದನ್ನೇ ಉಂಡೆ. ಹೊಟ್ಟೆ ನೋಯಲಿಲ್ಲ, ಪ್ಯಾಂಟು ಮಾತ್ರ ಬಿಗಿಯಾಯಿತು. ಆದರೂ ಪಟ್ಟು ಬಿಡದೆ ಹೆಡ್‌ಮಾಸ್ತರರಿಗೆ ದೂರು ಕೊಟ್ಟೆ.

ಅಡುಗೆಯವರು ಕಾಶಮ್ಮ. ಆ ಕೆಲಸವನ್ನೇ ನಂಬಿ ಮನೆ ನಡೆಸುತ್ತಿದ್ದ ಹೆಂಗಸು.

"ಹಂಗಿದ್ರ ಆಕಿನ್ನ ಬಿಡಿಸಿ ಬ್ಯಾರೆದವರನ್ನ ತಗೊಳ್ಳೂದೇ" ಎಂದ ಹೆಡ್‌ಮಾಸ್ತರರು ಶಾಲಾ ಸಮಿತಿಯ ಸಭೆ ಕರೆದರು.

ಸಭೆ ನಡೆದದ್ದು ಶಾಲೆಯ ಪಡಸಾಲೆಯಲ್ಲಿ. ಐದಾರು ಹಿರಿಯರು ಕುರ್ಚಿಯಲ್ಲಿದ್ದರು. ಹತ್ತಿರದ ನಲ್ಲಿಯಲ್ಲಿ ಹುಡುಗಿಯರು ತಟ್ಟೆ ತೊಳೆಯುತ್ತಿದ್ದರು. ಕಾಶಮ್ಮ ಸೌಟು ಹಿಡಿದುಕೊಂಡೇ ಬಂದು ನನ್ನೆದುರು ನಿಂತರು.

"ಏನ್ರಿ ಸರ್, ನನ್ನ ಸಾರು ಗಂಡುಹುಡುಗ್ರು ಉಣ್ಣಂಗಿಲ್ಲೇನು?"

"ಉಣ್ತಾರ."

"ಎರಡೆರಡು ಸಲ ಹಾಕಿಸ್ಕೊಂಡು ಉಣ್ತಾರ. ಅವರ ಹೊಟ್ಟಿ ಯಾಕ ನೋಯಂಗಿಲ್ಲ?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಆದರೆ ಸೋಲೊಪ್ಪಲು ಮನಸ್ಸು ಬರಬೇಕಲ್ಲ! "ಗಂಡುಮಕ್ಕಳ ಜೀರ್ಣಶಕ್ತಿ ಬ್ಯಾರೆ ಇರ್ತದ" ಎಂದುಬಿಟ್ಟೆ. ಸಮಿತಿಯವರು ತಲೆದೂಗಿದರು. ಆ ಹುರುಪಿನಲ್ಲಿ ಪಟ್ಟಿ ತೆಗೆದು ಗಟ್ಟಿಯಾಗಿ ಓದತೊಡಗಿದೆ: "ಭಾಗ್ಯಶ್ರೀ, ಜುಲೈ ನಾಕು, ಐದು. ಆಗಸ್ಟ್ ಒಂದು, ಎರಡು. ರೇಷ್ಮಾ, ಜುಲೈ..."

ನಲ್ಲಿಯ ಬಳಿ ತಟ್ಟೆಗಳ ಸದ್ದು ನಿಂತಿತು.

"ಸಾಕು ಮಾಡ್ರಿ!" ಎಂದು ಕಾಶಮ್ಮ ನನ್ನ ಕೈಯಿಂದ ಹಾಳೆ ಕಿತ್ತುಕೊಂಡರು. "ತಿಂಗಳಿಗೊಮ್ಮೆ ಲೆಕ್ಕ ಹಿಡಿದು ಬರೋ ಹೊಟ್ಟಿನೋವು ಯಾವ ಸಾರಿನಿಂದ ಬರ್ತದ್ರಿ ಸರ್? ನಿಮ್ಮವ್ವಗ ಕೇಳ್ರಿ ಹೋಗಿ."

ಸಮಿತಿಯ ಅಧ್ಯಕ್ಷರಿಗೆ ತಟ್ಟನೆ ಫೋನ್ ನೆನಪಾಯಿತು. ಹೆಡ್‌ಮಾಸ್ತರರು ತಮ್ಮ ಪೆನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಅರ್ಥವಾಗಲು ಹಿಡಿದ ಆ ಅರ್ಧ ನಿಮಿಷವನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. "ಅಡಿಗಿ ಛಲೋ ಅದ, ಕಾಶಮ್ಮನೇ ಇರ್ಲಿ" ಎಂದು ಹೇಳಿ ಎಲ್ಲರೂ ಚಹಾ ಕೂಡ ಕುಡಿಯದೆ ಎದ್ದುಹೋದರು.

ಕ್ಷಮೆ ಕೇಳಲು ಅಡುಗೆಮನೆಗೆ ಹೋದೆ. ಅವರಿಗೆ ಕೆಲಸದ ಚಿಂತೆಗಿಂತ ಬೇರೆಯೇ ಸಿಟ್ಟು. "ಪೋರಿಗೋಳ ಮಾನಾ ತೆಗದ್ರಿ. ಪಾಯಖಾನಿ ಬಾಗಲಕ್ಕ ಕೊಂಡಿ ಇಲ್ಲ, ಒಳಗ ನೀರಿಲ್ಲ. ಅಂಥಾದ್ರಾಗ ಆ ದಿನಾ ಹ್ಯಾಂಗ ಸಾಲಿಗಿ ಬರಬೇಕ್ರಿ? ನಿಮ್ಮ ಪುಸ್ತಕದಾಗ ಇದೆಲ್ಲಾ ಇರಂಗಿಲ್ಲೇನು?"

ಇತ್ತು. ಆ ಪಾಠವನ್ನು "ಮನ್ಯಾಗ ಓದ್ಕೋರಿ" ಎಂದು ಹೇಳಿ ಹಾರಿಸಿದ್ದವನು ನಾನೇ.

ಮರುದಿನ ಚಿಲಕ ತಂದು ನಾನೇ ಕೂಡಿಸಿದೆ. ಒಳಗೆ ನೀರು ಬರಲು ಇನ್ನೂ ಹದಿನೈದು ದಿನ ಬೇಕಾಯಿತು. ಆ ವಾರವೇ ಹುಡುಗಿಯರಿಗೆ ಆ ಪಾಠ ಇಟ್ಟುಕೊಂಡೆ. ಶಾಲೆಯಲ್ಲಿ ಶಿಕ್ಷಕಿಯರಿರಲಿಲ್ಲ, ಒಬ್ಬನೇ ನಿಲ್ಲಲು ನನಗೆ ಧೈರ್ಯವಿರಲಿಲ್ಲ. ಕಾಶಮ್ಮನನ್ನು ಕೈಮುಗಿದು ಕರೆತಂದು ಹಿಂದಿನ ಬೆಂಚಿನಲ್ಲಿ ಕೂರಿಸಿದೆ. ಮೊದಲು ಪಟ್ಟಿ ಓದಿದ್ದಕ್ಕೆ ಹುಡುಗಿಯರ ಕ್ಷಮೆ ಕೇಳಿದೆ. ಆಮೇಲೆ ಬೆವರು ಒರೆಸಿಕೊಳ್ಳುತ್ತಾ ಗರ್ಭಕೋಶದ ಚಿತ್ರ ಬರೆದೆ. "ಹೂಜಿ ಬರದೀರೇನ್ರಿ ಸರ್?" ಎಂದು ಭಾಗ್ಯಶ್ರೀ ಕೇಳಿದ್ದೇ ತಡ, ಎಲ್ಲರೂ ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ ಬಿಗಿತ ಸಡಿಲಾಯಿತು, ನಾನೂ ತಡವರಿಸದೆ ಹೇಳಿ ಮುಗಿಸಿದೆ.

"ಯಾರಿಗಾದ್ರೂ ಏನಾದ್ರೂ ಕೇಳೋದದ?" ಎಂದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನಿಂದ ಒಂದು ಕೈ ಮೇಲೆದ್ದಿತು. ಕಾಶಮ್ಮ.

"ಸರ್, ನಂದು ಮುಟ್ಟು ನಿಲ್ಲೂ ಹೊತ್ತಾಗ್ಯದ. ಎರಡು ವರ್ಷಾಯ್ತು, ಒಮ್ಮಿಂದೊಮ್ಮೆಲೆ ಮೈ ಧಗಧಗ ಉರೀತದ. ಒಲಿ ಝಳಾ ಅಂದ್ಕೊಂಡಿದ್ದೆ. ಇದಕ್ಕೂ ಅದಕ್ಕೂ ಏನರ ಸಂಬಂಧ ಅದೇನ್ರಿ? ಯಾರಿಗಿ ಕೇಳ್ಬೇಕಂತ ಗೊತ್ತಾಗಿಲ್ಲ."

ಯಾರೂ ನಗಲಿಲ್ಲ. ಎಲ್ಲ ತಿಳಿದವರೆಂದು ಧೈರ್ಯಕ್ಕೆ ಕರೆತಂದು ಕೂರಿಸಿದ್ದ ಹೆಂಗಸು, ಕೇಳಲು ಒಬ್ಬರಿಲ್ಲದೆ ಎರಡು ವರ್ಷ ಕಳೆದಿದ್ದರು.

"ನನಗ ಸರಿಯಾಗಿ ಗೊತ್ತಿಲ್ಲ ಕಾಶಮ್ಮಾರೆ. ಲೇಡಿ ಡಾಕ್ಟರಿಗಿ ಕೇಳಿ ನಾಳಿ ಹೇಳ್ತೀನಿ" ಎಂದೆ.

"ಹೇಳ್ರಿ ಸರ್. ನಾಳಿನೂ ಬಂದು ಕುಂದರ್ತೀನಿ" ಎಂದರು.

ಅಂದಿನಿಂದ ಇಂದಿನವರೆಗೆ ಆ ಪಾಠವನ್ನು ನಾನು ಒಂದು ವರ್ಷವೂ ಹಾರಿಸಿಲ್ಲ.