ಮೈಕಮ್ಮನವರ ಎರಡೇ ಮಾತು

ಪ್ರಯೋಗಾಲಯದಲ್ಲಿ ಹುಟ್ಟಿದ ವಿದ್ಯೆ ಪ್ರಬಂಧವಾಗಿ ಕಪಾಟು ಸೇರಿ ಧೂಳು ತಿನ್ನಬಾರದು, ಒಂದು ಕಂಪನಿಯಾಗಿ, ಒಂದು ವಸ್ತುವಾಗಿ ಬೇಕಾದವರ ಕೈಗೆ ತಲುಪಬೇಕು ಎಂಬುದನ್ನು ವ್ರತದಂತೆ ನಡೆಸಿಕೊಂಡು ಬಂದವರು ನಮ್ಮ ವಿಶ್ವವಿದ್ಯಾಲಯದ ನವೋದ್ಯಮ ಕೇಂದ್ರದ ನಿರ್ದೇಶಕಿ ಮೇಡಂ. ಅವರ ಬೆರಳು ಹಿಡಿದು ನಡೆಯಲು ಕಲಿತ ಕಂಪನಿಗಳು ಇಂದು ಓಡುತ್ತಿವೆ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಬರೆಯಿರೆಂದು ಸಂಪಾದಕರು ಕೇಳಿದಾಗ ನಾನು ಒಂದೇ ಷರತ್ತು ಹಾಕಿದೆ: ಮಿತಭಾಷಿಯಾದ ಈ ಹಿರಿಯರಿಗೆ ‘ಮೈಕಮ್ಮ’ ಎಂಬ ಅಡ್ಡಹೆಸರು ಅಂಟಿದ್ದು ಹೇಗೆಂದು ಬರೆಯಲು ಬಿಡಬೇಕು. ಆ ಹೆಸರಿಟ್ಟು ನಕ್ಕವರಲ್ಲಿ ಕೆಲವರು ಇದೇ ಸಂಪುಟದಲ್ಲಿ ಅವರನ್ನು ಹೊಗಳಿ ಬರೆದಿದ್ದಾರೆ. ಅವರೂ ಓದಿಕೊಳ್ಳಲಿ.

ನಾನಾಗ ರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಎಳೆಗೂಸುಗಳ, ಮುದುಕರ ತೆಳು ಚರ್ಮ ಕಿತ್ತುಬರದ ಹಾಗೆ, ನೀರು ತಾಕಿಸಿದರೆ ತಾನಾಗಿ ಬಿಟ್ಟುಕೊಳ್ಳುವ ಗಾಯದ ಪಟ್ಟಿಯೊಂದನ್ನು ಮಾಡಿದ್ದೆ. ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಯಾರ ಚರ್ಮದ ಮೇಲೆ ಹಾಕಿ ನೋಡಿದ್ದೀಯ?” ನನ್ನದೇ ಎಂದೆ. ತಮ್ಮ ಮುಂಗೈ ಚಾಚಿದರು. ಆಮೇಲೆ ಕೆಲವು ವಾರ ಅವರು ಪಟ್ಟಿ ಅಂಟಿಸಿಕೊಂಡೇ ಪಾತ್ರೆ ತೊಳೆದರು, ಸ್ನಾನ ಮಾಡಿದರು, ಎಲ್ಲಿ ಬೇಗ ಬಿಟ್ಟಿತು, ಎಲ್ಲಿ ಬಿಡಲೇ ಇಲ್ಲ ಎಂದು ಬಂದು ತಪ್ಪು ತೋರಿಸಿದರು. ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ ಉಗ್ರಾಣದ ಕೋಣೆಯನ್ನು ಖಾಲಿ ಮಾಡಿಸಿ ನನಗೂ ನನ್ನ ಜೊತೆಗಾರನಿಗೂ ಕೊಟ್ಟರು. ನಮ್ಮ ಕಂಪನಿ ಹುಟ್ಟಿದ್ದು ಅಲ್ಲಿ.

ಅಷ್ಟರಲ್ಲಿ ಒಂದು ದೊಡ್ಡ ವಿಚಾರ ಸಂಕಿರಣ ಬಂತು. ಪೇಟೆಂಟ್ ಅರ್ಜಿ ಸಲ್ಲಿಸುವ ಮೊದಲೇ ಆವಿಷ್ಕಾರದ ಗುಟ್ಟನ್ನು ಸಭೆಯಲ್ಲಿ ಹೇಳಿಬಿಟ್ಟರೆ ಅದರ ಹಕ್ಕು ಕೈತಪ್ಪಬಹುದು. ಹಕ್ಕಿಲ್ಲದ ಕಂಪನಿಗೆ ಬಂಡವಾಳ ಹಾಕುವವರು ಯಾರೂ ಇಲ್ಲ. ಆದ್ದರಿಂದ ಅಂದು ಬೆಳಗ್ಗೆಯೇ ಅರ್ಜಿ ಹೋಗಬೇಕು, ಮಧ್ಯಾಹ್ನ ನಾನು ಮಾತಾಡಬೇಕು ಎಂದು ನಿಗದಿಯಾಗಿತ್ತು. ಗೋಷ್ಠಿಯ ಅಧ್ಯಕ್ಷತೆ ಮೇಡಂ ಅವರದೇ. ಕುಲಪತಿಗಳು ಮುಂದಿನ ಸಾಲಿನಲ್ಲಿ. ಇಂಥದ್ದೇ ಪಟ್ಟಿ ಮಾಡಲು ಹೆಣಗುತ್ತಿದ್ದ ದೊಡ್ಡ ಕಂಪನಿಯವರು ಅವರ ಹಿಂದೆ, ಪೆನ್ನು ಹಿಡಿದು. ಕೊನೆಯ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದರ್ಜಿ ಕೆಲಸಕ್ಕೆ ರಜೆ ಹಾಕಿ ಬಂದ ನನ್ನ ಅಪ್ಪ. ಮಗ ಮಾತಾಡುವುದನ್ನು ಒಮ್ಮೆ ಕೇಳಬೇಕೆಂಬುದು ಅವರ ಆಸೆ.

ನಾನು ವೇದಿಕೆ ಹತ್ತುವಷ್ಟರಲ್ಲಿ ಕೇಂದ್ರದ ಗುಮಾಸ್ತರು ಬೆವರೊರೆಸಿಕೊಳ್ಳುತ್ತ ಬಂದು ಮೇಡಂ ಕಿವಿಯಲ್ಲಿ ಏನೋ ಉಸುರಿದರು. ಮೇಡಂ ಎದ್ದರು. “ಭಾಷಣಕಾರರ ಬಗ್ಗೆ ಎರಡೇ ಮಾತು,” ಎಂದರು.

ಅಬ್ಬಾ, ಆ ಎರಡು ಮಾತು! ಅಂಟಿನ ಇತಿಹಾಸ ಬಂತು, ಚರ್ಮದ ಪದರಗಳು ಬಂದವು, ಆಮೇಲೆ ನಾನು ಬಂದೆ. ಗಾಜಿನ ಸಾಮಾನನ್ನು ಯಾರಿಗೂ ಬಿಡದೆ ನಾನೇ ತೊಳೆಯುವುದು, ಕಾಲಿನ ಕೂದಲ ಸಮೇತ ಪಟ್ಟಿ ಕಿತ್ತು ಕುಣಿದದ್ದು, ಬಟ್ಟೆಗೆ ಗುರುತು ಹಾಕುವ ಅಪ್ಪನ ಸೀಮೆಸುಣ್ಣ ತಂದು ತೋಳಿನ ಮೇಲೆ ಚೌಕ ಬರೆದುಕೊಂಡದ್ದು, ಎಲ್ಲವನ್ನೂ ಹೇಳಿದರು. ಪಟ್ಟಿಯೊಳಗೆ ಏನಿದೆ ಎಂಬುದೊಂದನ್ನು ಬಿಟ್ಟು! ಕುಲಪತಿಗಳು ಆಕಳಿಸಿದರು. ಪೆನ್ನು ಹಿಡಿದವರು ಪೆನ್ನು ಮುಚ್ಚಿದರು. ಮುಂದಿನ ಗೋಷ್ಠಿಯ ಅಧ್ಯಕ್ಷರು ಬಂದು ತಾವೇ ಗಂಟೆ ಬಾರಿಸಿದರು. “ಛೆ, ಸಮಯ ಮುಗಿದೇ ಹೋಯಿತಲ್ಲ,” ಎಂದು ಮೇಡಂ ಕೂತರು. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಹೊರಗೆ ಮೊಗಸಾಲೆಯಲ್ಲಿ ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು. “ಬೈಕೋಬೇಕು ಅನ್ಸಿದ್ರೆ ಬೈಕೋ ಮಾರಾಯ. ಅರ್ಜಿ ಹೋಗಿಲ್ಲ. ಒಂದು ಸಹಿ ಹಾಕ್ಸೋದು ಮರೆತಿದ್ದಾನೆ ಪುಣ್ಯಾತ್ಮ. ನೀನು ಬಾಯಿ ಬಿಟ್ಟಿದ್ರೆ ಕಂಪನಿಗೆ ಅಲ್ಲೇ ಎಳ್ಳುನೀರು. ಇನ್ನೊಂದು ಮಾತು, ಇದನ್ನ ಯಾರಿಗೂ ಹೇಳ್ಬೇಡ. ಅವನ ಅನ್ನಕ್ಕೆ ಕಲ್ಲು ಬೀಳುತ್ತೆ.” ನನ್ನ ಕೋಪ ಇಳಿದದ್ದೇನೋ ಸರಿ, ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ.

ಅಪ್ಪನನ್ನು ಹುಡುಕಿಕೊಂಡು ಹೋದೆ. ನೀವು ಬಂದದ್ದು ದಂಡವಾಯಿತು ಎಂದೆ. ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. “ಅಮ್ಮಾವ್ರು ನಿನ್ನ ಬಗ್ಗೆ ಅಷ್ಟೊಂದು ಹೇಳಿದ್ರಲ್ಲೋ, ಇನ್ನು ನೀನೇನು ಹೇಳೋದಿತ್ತು? ಅಂದ್ಹಾಗೆ, ನನ್ನ ಸೀಮೆಸುಣ್ಣ ಕದ್ದಿದ್ದು ನೀನೇನಾ?”

ಅರ್ಜಿ ಮರುದಿನ ಹೋಯಿತು. ಕಂಪನಿ ಉಳಿಯಿತು, ನಮ್ಮ ಪಟ್ಟಿ ಇಂದು ಆಸ್ಪತ್ರೆಗಳಲ್ಲಿ ಹಸುಗೂಸುಗಳ ಮೈಮೇಲಿದೆ. ಹೋದದ್ದು ಮೇಡಂ ಅವರ ಮರ್ಯಾದೆ. “ಮೈಕ್ ಸಿಕ್ಕರೆ ಬಿಡದ ಅಮ್ಮ” ಎಂದು ಊಟದ ಸಾಲಿನಲ್ಲೇ ನಗೆಯೆದ್ದಿತು. ಮತ್ತೆಂದೂ ಯಾವ ಗೋಷ್ಠಿಯ ಅಧ್ಯಕ್ಷತೆಗೂ ಅವರನ್ನು ಕರೆಯಲಿಲ್ಲ. ನಿಜ ಹೇಳಿಬಿಡುತ್ತೇನೆಂದು ನಾನು ಹಟ ಹಿಡಿದಾಗಲೆಲ್ಲ, “ಅಡ್ಡಹೆಸರಿಂದ ಯಾರಾದ್ರೂ ಸತ್ತಿದ್ದಾರಾ? ಹೋಗಿ ಕೆಲ್ಸ ನೋಡು,” ಎಂದು ಗದರಿದರು. ಕೆಲಸ ಕಳೆದುಕೊಳ್ಳದ ಆ ಗುಮಾಸ್ತರು ಕಳೆದ ವರ್ಷ ಗೌರವದಿಂದ ನಿವೃತ್ತರಾದರು. “ಇನ್ನಾದ್ರೂ ಬರೀರಿ ಸಾರ್, ನನ್ನ ಎದೆ ಹಗುರಾಗ್ಲಿ,” ಎಂದು ಮನೆಗೆ ಬಂದು ಹೇಳಿದವರು ಅವರೇ. ಅವರ ಅಪ್ಪಣೆಯಿಂದಲೇ ಇಷ್ಟನ್ನು ಬರೆದಿದ್ದೇನೆ. ಮೇಡಂ ಅಪ್ಪಣೆ ಕೇಳಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ.

ನಿವೃತ್ತಿಯೆಂಬುದು ಮೇಡಂ ಅವರ ಕುರ್ಚಿಗೆ ಮಾತ್ರ. ಉಗ್ರಾಣದ ಆ ಕೋಣೆಯಲ್ಲಿ ಈಗ ಹೊಸ ಹುಡುಗಿಯರಿಬ್ಬರು ಏನನ್ನೋ ಕಟ್ಟುತ್ತಿದ್ದಾರೆ. ಮೇಡಂ ಮುಂಗೈ ಅವರಿಗೂ ಬೇಕು. ಆ ಮುಂಗೈಗೆ ಬಲವೂ ಆ ಜೀವಕ್ಕೆ ನೂರು ವರ್ಷದ ಆಯುಷ್ಯವೂ ಇರಲಿ.

ಸಂಪುಟ ಬಿಡುಗಡೆಯ ದಿನ ಅವರನ್ನು ಸಭೆಗೆ ಪರಿಚಯಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. “ಎರಡೇ ಮಾತು, ಗೊತ್ತಾಯ್ತಾ?” ಎಂದು ಫೋನಿನಲ್ಲಿ ಎಚ್ಚರಿಸಿದ್ದಾರೆ. ಆಗಲಿ ಮೇಡಂ, ಎರಡೇ ಮಾತು. ಅಪ್ಪ ಈ ಸಲ ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಅಧ್ಯಕ್ಷರ ಗಂಟೆ ಅಪ್ಪನ ಜೇಬಿನಲ್ಲಿರುತ್ತದೆ.