ಕಂಬಳಿಹುಳದಂಥ ಗೆರೆ

ಬೆಸುಗೆಯ ಹೊಗೆ ಮೂಗಿಗೆ ಬಡಿದರೆ ನನಗೆ ಈಗಲೂ ಬಾಯಿ ಕಹಿಯಾದಂತಾಗುತ್ತದೆ. ಇವತ್ತು ಬೆಳಿಗ್ಗೆಯೂ ಬಡಿಯಿತು. ಜಗುಲಿಯ ಕೋಣೆಯಲ್ಲಿ ಸೊಸೆ ಪುಷ್ಪ ಯಾರದೋ ಕಂಪ್ಯೂಟರ್ ಬಿಚ್ಚಿಕೊಂಡು ಕೂತಿದ್ದಾಳೆ. ನೀವು ಸಿದ್ದಾಪುರಕ್ಕೆ ಬಂದರೆ ಆ ವಾಸನೆ ಹಿಡಿದೇ ನಮ್ಮ ಮನೆ ಹುಡುಕಿ. ಅಂಗಡಿಯ ಬೋರ್ಡು ಬಣ್ಣ ಹೋಗಿ ಓದಲು ಬರುವುದಿಲ್ಲ. ಬಣ್ಣ ಇದ್ದಾಗಲೂ ಅದರ ಇಂಗ್ಲಿಷು ನನಗೆ ಬರುತ್ತಿರಲಿಲ್ಲ ಅನ್ನಿ.

ಅವಳು ಈ ರಿಪೇರಿ ಅಂಗಡಿ ಇಟ್ಟ ಹೊಸತರ ಮಾತು. ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪಿನಲ್ಲಿ ಒಂದು ರಾಶಿ ಪವರ್ ಸಪ್ಲೈ ತಂದು ಸುರಿದರು. ಕಂಪ್ಯೂಟರಿನ ಹೊಟ್ಟೆಗೆ ಕರೆಂಟು ಬಡಿಸುವ ಡಬ್ಬಿ ಅದು. ಆಫೀಸಿನ ಕಂಪ್ಯೂಟರುಗಳು ಕೆಲಸದ ಮಧ್ಯೆ ತಾವಾಗಿ ಆರಿಹೋಗುತ್ತಿದ್ದವಂತೆ. ಯಾವ ಡಬ್ಬಿ ಕೆಟ್ಟಿದೆ ಎಂದು ಸಂಜೆಯೊಳಗೆ ಹೇಳಿದರೆ ಎಸ್ಟೇಟಿನ ರಿಪೇರಿಯೆಲ್ಲ ಇಲ್ಲಿಗೇ; ಇಲ್ಲದಿದ್ದರೆ ಮೊದಲಿನ ಹಾಗೆ ಮೈಸೂರಿಗೆ. ಅಂಗಡಿ ಉಳಿಯುವುದು ಬಿಡುವುದು ಅದರ ಮೇಲಿತ್ತು.

ಅಂದು ನನಗೆ ಜ್ವರ. ಪುಷ್ಪ ಕೊಟ್ಟ ಕಾಫಿ ಕಹಿ, ಗಂಜಿ ಕಹಿ, ಕಿತ್ತಳೆ ಹಣ್ಣೂ ಕಹಿ. ಒಂದೊಂದಕ್ಕೂ ಬೈದೆ. ಸುಮ್ಮನೆ ಮಲಗುವ ಜಾತಿ ನನ್ನದಲ್ಲ. ಕಂಬಳಿ ಹೊದ್ದು ಅವಳ ಮೇಜಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡೆ.

ಡಬ್ಬಿಯನ್ನು ಖಾಲಿ ಕೂರಿಸಿ ನೋಡಿದರೆ ಏನೂ ಗೊತ್ತಾಗದಂತೆ. ಜೀಪಿನ ಹೆಡ್‌ಲೈಟ್ ಬಲ್ಬು ಸಿಕ್ಕಿಸಿ ದುಡಿಸಬೇಕು. ಮನುಷ್ಯರೂ ಹಾಗೇ, ಕೂತಿರುವಾಗ ಎಲ್ಲರೂ ಗಟ್ಟಿ. ಆಮೇಲೆ ಸ್ಕೋಪ್ ಎನ್ನುವ ಪರದೆಯ ಪೆಟ್ಟಿಗೆಯಿಂದ ಬರುವ ಮೊನೆಯನ್ನು ತಂತಿಗೆ ಮುಟ್ಟಿಸಿದರೆ ಒಂದು ಗೆರೆ ಕಾಣುತ್ತದೆ. ಕರೆಂಟು ಸಮ ಇದ್ದರೆ ಗೆರೆ ನೆಟ್ಟಗೆ ಮಲಗಿರಬೇಕು. ಅಲೆಯಾಡಿದರೆ ರಿಪಲ್, ಮುಳ್ಳೆದ್ದರೆ ನಾಯ್ಸ್. ಮೊದಲ ಡಬ್ಬಿಯ ಗೆರೆ ಕಂಬಳಿಹುಳದ ಹಾಗೆ ಮೈತುಂಬ ಕೂದಲೆಬ್ಬಿಸಿತು. ಎರಡನೆಯದೂ ಹಾಗೇ. ಕೊನೆಗೆ ಎಲ್ಲವೂ ಹಾಗೇ. ಅಷ್ಟೂ ಕೆಟ್ಟಿದೆ ಎಂದರೆ ರೈಟರ್ ನಂಬುವವರಲ್ಲ, ಸರಿ ಇದೆ ಎನ್ನಲು ಗೆರೆ ಬಿಡುವುದಿಲ್ಲ.

"ಎಲ್ಲ ಕೆಟ್ಟಿದೆ ಅಂತ ಹೇಳಿ ಕಳಿಸು ಮಾರಾಯ್ತಿ. ಕಾಫಿನಾದ್ರೂ ನೆಟ್ಟಗೆ ಮಾಡು," ಎಂದೆ.

ಅವಳು ತನ್ನದೇ ಹೊಸ ಡಬ್ಬಿಯೊಂದನ್ನು ತೆಗೆದು ನೋಡಿದಳು. ಅದಕ್ಕೂ ಕೂದಲು. ಆಮೇಲೆ ಮೊನೆಯನ್ನೂ ಅದರ ಜೊತೆಗಿದ್ದ ಉದ್ದನೆಯ ಕ್ಲಿಪ್ಪಿನ ವೈರನ್ನೂ ಒಂದೇ ಜಾಗಕ್ಕೆ ಮುಟ್ಟಿಸಿದಳು. ಹಾಗೆ ಮಾಡಿದರೆ ಗೆರೆ ನೆಟ್ಟಗೆ ಮಲಗಲೇಬೇಕಂತೆ. ಕಂಬಳಿಹುಳ ಅಲ್ಲೂ ಇತ್ತು. ಪುಷ್ಪ ನನ್ನ ಮುಖ ನೋಡಿ ನಗತೊಡಗಿದಳು.

"ಅತ್ತೆ, ಈ ಸ್ಕೋಪಿಗೂ ನಿಮ್ ಹಾಗೇ ಜ್ವರ. ಕಹಿ ಇರೋದು ಬಾಯಲ್ಲಿ, ಬೈಸ್ಕೊಳ್ಳೋದು ಕಾಫಿ."

ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತಾಡುತ್ತಿದ್ದ ಆ ವೈರೇ ಸುತ್ತಲಿನ ಗದ್ದಲವನ್ನೆಲ್ಲ ಹಿಡಿದು ತರುತ್ತಿತ್ತು. ಅದನ್ನು ಕಿತ್ತು, ಮೊನೆಯ ಬುಡಕ್ಕೆ ತಾಮ್ರದ ತಂತಿಯ ತುಂಡು ಸುತ್ತಿ ಮತ್ತೆ ನೋಡಿದಳು. ಗೆರೆ ಮಲಗಿತು. ಎರಡು ಡಬ್ಬಿಗಳದು ಮಾತ್ರ ಅಲೆಯಾಡುತ್ತಲೇ ಇತ್ತು. ಬಿಚ್ಚಿದರೆ ಒಳಗೆ ಕರೆಂಟಿನ ಅಲೆ ಅಡಗಿಸುವ ಕೆಪಾಸಿಟರುಗಳ ತಲೆ ಉಬ್ಬಿತ್ತು. ಸಂಜೆ ರೈಟರ್ ಬಂದಾಗ ಆ ಎರಡನ್ನು ತೋರಿಸಿ, ಉಳಿದವನ್ನು ಹಾಗೇ ವಾಪಸು ಕೊಟ್ಟಳು. ಆಮೇಲೆ ಎಸ್ಟೇಟಿನ ಡಬ್ಬಿಗಳು ಮೈಸೂರಿನ ದಾರಿ ಹಿಡಿಯಲಿಲ್ಲ. ಮರುದಿನ ನನ್ನ ಜ್ವರವೂ ಬಿಟ್ಟಿತು. ಕಾಫಿ ಚೆನ್ನಾಗಿತ್ತು, ಅವಳಿಗೆ ಹೇಳಲಿಲ್ಲ.

ಈಗ ಮೊಮ್ಮಗಳು ಕಾಫಿ ಮಾಡಿ ತಂದಿಟ್ಟು ಹೋದಳು. ಒಂದು ಗುಟುಕು ಕುಡಿದೆ, ಕಹಿ. ಬೈಯಲು ಬಾಯಿ ತೆರೆದವಳು ತಡೆದುಕೊಂಡು, ಕಹಿ ಬಾಯಿಯದೋ ಕಾಫಿಯದೋ ನೋಡೋಣವೆಂದು ಭರಣಿಯಿಂದ ಬೆಲ್ಲದ ಚೂರು ತೆಗೆದು ನಾಲಿಗೆಗಿಟ್ಟುಕೊಂಡೆ. ಪುಷ್ಪ ಮೇಜಿನಿಂದ ತಲೆಯೆತ್ತದೆ, ಬೆಲ್ಲ ಹೇಗಿದೆ ಅತ್ತೆ ಎಂದು ಕೇಳಿದಳು.

"ಬೆಲ್ಲ ಸಿಹಿಯಾಗೇ ಇದೆ. ನಿನ್ನ ಮಗಳನ್ನ ಕರಿ."