ರತ್ನಿ ದುರ್ಗವ್ವನಿಗೆ ಒಗ್ಗಿದ್ದು

ಕೆಳಗಿನ ಮನೆಯ ಬಾಡಿಗೆಯವರು ಖಾಲಿ ಮಾಡಿಕೊಂಡು ಹೋಗುವಾಗ ಗ್ಯಾಸ್ ಒಲೆ, ಮಂಚ, ಕೊನೆಗೆ ಗೋಡೆಗೆ ಹೊಡೆದ ಮೊಳೆಗಳನ್ನೂ ಕಿತ್ತು ಟೆಂಪೋಗೆ ಏರಿಸಿದರು. ಬೆಕ್ಕನ್ನು ಮಾತ್ರ ಮರೆತರು. ಮರೆತರೋ, ಬೇಕೆಂದೇ ಬಿಟ್ಟರೋ, ಆ ಮಹಾನುಭಾವರನ್ನೇ ಕೇಳಬೇಕು. ಬೂದು ಪಟ್ಟೆಯ ಆ ಬೆಕ್ಕು ಟಿ. ದಾಸರಹಳ್ಳಿಯ ವಠಾರದಲ್ಲಿ ನೀರಿನ ಡ್ರಮ್ಮಿನ ಹಿಂದೆ ಅಡಗಿ ಕೂತಿತು. ತಾರಸಿಯ ಶೀಟಿನ ಕೋಣೆಯಲ್ಲಿ ಒಬ್ಬಳೇ ಇದ್ದ ದುರ್ಗವ್ವ ಅದನ್ನು ನೋಡಿದಳು. ಗಂಡ ಬಸಲಿಂಗ ತೀರಿಕೊಂಡ ಮೇಲೆ ಆ ಕೋಣೆಯಲ್ಲಿ ಇನ್ನೊಂದು ಜೀವ ಉಸಿರಾಡಿರಲಿಲ್ಲ. ಇದು ನನಗಿರಲಿ ಎಂದುಕೊಂಡಳು.

ದುರ್ಗವ್ವನದು ಕೊಪ್ಪಳದ ಕಡೆಯ ಹಳ್ಳಿ. ಅವರಲ್ಲಿ ಬೆಕ್ಕನ್ನು ಮನೆಗೆ ತರುವುದೆಂದರೆ ಚೀಲದೊಳಗೆ ಹಾಕಿ, ಹಳೆಯ ಮನೆಯ ದಾರಿ ಮರೆತುಹೋಗುವ ಹಾಗೆ ಸುತ್ತಿ ಬಳಸಿ ತರಬೇಕು. ಇಲ್ಲಿ ದಾರಿಯೆಂದರೆ ಬರೀ ಒಂದು ಮೆಟ್ಟಿಲ ಸಾಲು. ಆದರೂ ಶಾಸ್ತ್ರ ಬಿಡಲಾದೀತೇ? ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಹೆಗಲಿಗೇರಿಸಿ, ಬೇಕರಿ ದಾಟಿ, ಮೆಟ್ರೋ ಕಂಬಗಳು ಏಳುತ್ತಿದ್ದ ತುಮಕೂರು ರಸ್ತೆಯ ಧೂಳಿನಲ್ಲಿ ನಡೆದು, ಮಾರಮ್ಮನ ಗುಡಿಗೆ ಒಂದು ಸುತ್ತು ಹಾಕಿ, ಹೊರಟ ಜಾಗಕ್ಕೇ ಬಂದು ಮೆಟ್ಟಿಲು ಹತ್ತಿದಳು. ಚೀಲದ ಬಾಯಿ ಬಿಚ್ಚಿದ್ದೇ ತಡ, ಬೆಕ್ಕು ಅವಳ ಕೈ ಪರಚಿ ಮಂಚದಡಿಗೆ ನುಗ್ಗಿತು. ಪಾಪದ ಪ್ರಾಣಿಯ ಜೀವ ಬಾಯಿಗೆ ಬಂದಿತ್ತು. ಇವಳು ಮಾತ್ರ ಎಲ್ಲ ಸಾಂಗವಾಗಿ ನಡೆಯಿತೆಂದು ಚಹಾ ಕುದಿಸಿಕೊಂಡು, ಅದಕ್ಕೆ ರತ್ನಿ ಎಂದು ಹೆಸರಿಟ್ಟಳು.

ರತ್ನಿ ಹೊರಗೆ ಬರಲಿಲ್ಲ. ದುರ್ಗವ್ವ ಕೆಲಸಕ್ಕೆ ಹೋದ ಮೇಲೆ ಹಾಲಿನ ಬಟ್ಟಲು ಖಾಲಿಯಾಗುತ್ತಿತ್ತು, ಅವಳು ಬಂದ ಕೂಡಲೇ ಮಂಚದಡಿಯಲ್ಲಿ ಎರಡು ಕಣ್ಣು ಮಾತ್ರ ಉಳಿಯುತ್ತಿದ್ದವು. "ರತ್ನೀ! ಬಾ ನಮ್ಮವ್ವಾ, ಹಾಲು ಕುಡಿ ಬಾ!" ಎಂದು ಇವಳು ಕರೆದರೆ ಬೀದಿಯಲ್ಲಿ ಸೊಪ್ಪು ಮಾರುವವನು ಗಾಡಿ ನಿಲ್ಲಿಸಿ ಮೇಲೆ ನೋಡುತ್ತಿದ್ದ.

ಮನೆಯ ಒಡತಿ ನಾಗಲಕ್ಷ್ಮಮ್ಮ ಒಂದು ದಿನ ತಡೆಯಲಾರದೆ ಮೆಟ್ಟಿಲು ಹತ್ತಿ ಬಂದರು. ತಮ್ಮ ಹೊಲಗಳೆಲ್ಲ ಕಾರ್ಖಾನೆಯ ಶೆಡ್ಡುಗಳಾದರೂ ಒಂದು ಹಸುವನ್ನು ಮಾತ್ರ ಬಿಡದೆ ಸಾಕಿಕೊಂಡಿದ್ದ ಹೆಂಗಸು, ಪ್ರಾಣಿಗಳ ವಿಷಯದಲ್ಲಿ ಅವರ ಮಾತೇ ಮಾತು.

"ಅಲ್ಲ ಕಣಮ್ಮಿ, ನೀನು ಬೆಕ್ಕನ್ನ ಕರೀತಿದ್ದೀಯೋ, ಜಗಳಕ್ಕೆ ಕರೀತಿದ್ದೀಯೋ? ಇಂಗೆ ಕೂಗಿದ್ರೆ ಹುಲೀನೂ ಮಂಚದ ಕೆಳಗೆ ಸೇರ್ಕೊಂತದೆ!"

"ಎಲ್ಲಿ ಕೂಗೇನ್ರೀ ಅಕ್ಕಾರ? ಮೆತ್ತಗ ಕರದೇನಲ್ರೀ!" ದುರ್ಗವ್ವ ನಿಜಕ್ಕೂ ಬೆರಗಾಗಿ ಕೂಗಿದಳು.

ಅವಳ ತಪ್ಪಲ್ಲ. ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ ಅವಳು ಎಷ್ಟೋ ವರ್ಷಗಳಿಂದ ಯಂತ್ರದ ಬಾಯಿಗೆ ತಗಡು ಕೊಡುತ್ತಿದ್ದಳು. ಅಲ್ಲಿ ಬೆಳಗಿನಿಂದ ಸಂಜೆಯವರೆಗೂ ಧಡ್ ಧಡ್ ಎನ್ನುವ ಸದ್ದು. ಅಲ್ಲಿಯವರ ಮೆಲುಮಾತು ಉಳಿದವರಿಗೆ ಕೂಗಾಟ.

"ನೋಡು, ಬೆಕ್ಕು ಒಗ್ತು ಅಂದ್ರೆ ಗುರುಗುಡ್ತದೆ," ಎಂದರು ನಾಗಲಕ್ಷ್ಮಮ್ಮ. "ಗುರುಗುಡ್ದೇ ಇದ್ರೆ ಅದಕ್ಕಿಲ್ಲಿ ಸುಖ ಇಲ್ಲ ಅಂತಾನೇ. ಅಂಥದ್ದನ್ನ ಕೂಡಿಹಾಕ್ಕೊಂಡ್ರೆ ಪಾಪ ಬತ್ತದೆ. ಯುಗಾದಿಗಂಟ ನೋಡು. ಆಗ್ಲಿಲ್ವಾ, ನಮ್ಮ ತಂಗಿ ಮನೆಗೆ ಕಳಿಸಾನ. ಅಲ್ಲಿ ಅಟ್ಟ ಐತೆ, ಇಲಿ ಐತೆ, ಆರಾಮಾಗಿರ್ತದೆ."

ದುರ್ಗವ್ವನಿಗೆ ಅಳುವೇ ಬಂತು. ಆದರೆ ನ್ಯಾಯದ ಮಾತು, ಒಪ್ಪಿಕೊಂಡಳು.

ಅಂದಿನಿಂದ ಕೋಣೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಶಾಪಿನಲ್ಲಿ ಯಂತ್ರದ ಗದ್ದಲಕ್ಕೆ ಸೋತು ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು. ಅಂಗೈಯನ್ನು ಕೆಳಗೆ ಮಾಡಿ ಮೆಲ್ಲಗೆ ಇಳಿಸಿದರೆ "ಸಾವಕಾಶ" ಎಂದು ಅರ್ಥ, ಬೆರಳು ಮಡಿಸಿ ಎದೆಯ ಕಡೆ ಎಳೆದುಕೊಂಡರೆ "ಇತ್ತ ಬಾ". ದುರ್ಗವ್ವ ಆ ಭಾಷೆಯನ್ನೇ ಮನೆಗೆ ತಂದಳು. ನೆಲದ ಮೇಲೆ ಮಲಗಿ, ಮಂಚದಡಿಯ ಕಣ್ಣುಗಳಿಗೆ ಅಂಗೈ ಇಳಿಸಿ ತೋರಿಸುವಳು. ಸಾವಕಾಶ, ತಾಯಿ, ಸಾವಕಾಶ.

ಭಾನುವಾರದ ಮಧ್ಯಾಹ್ನಗಳು ಹಾಗೆಯೇ ಕರಗುತ್ತಿದ್ದವು. ಶೀಟಿನ ಬಿರುಕಿನಿಂದ ಬಿಸಿಲಿನ ಒಂದು ಎಳೆ ಇಳಿದು ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಈಚೆಗೆ ಅವಳಿಗೆ ಭಾನುವಾರವೆಂದರೆ ಬಹಳ ಮೃದು. ಇಡೀ ದಾಸರಹಳ್ಳಿಯನ್ನು ಯಾರೋ ಹತ್ತಿಯಲ್ಲಿ ಸುತ್ತಿಟ್ಟ ಹಾಗೆ. ರಸ್ತೆಯ ಲಾರಿಗಳು ಕನಸಿನೊಳಗಿನ ಲಾರಿಗಳಂತೆ ದೂರದಲ್ಲಿ ತೇಲಿ ಹೋಗುತ್ತಿದ್ದವು, ಕೆಳಗೆ ಒಗೆಯುವ ಕಲ್ಲಿನ ಮೇಲೆ ಬಟ್ಟೆ ಬೀಳುವುದು ಬೇರೆ ಯಾವುದೋ ಊರಿನಲ್ಲಿ ಎನಿಸುತ್ತಿತ್ತು. ರಜೆಯ ಸುಖವೆಂದರೆ ಇದೇ ಇರಬೇಕು ಎಂದುಕೊಂಡು ಅವಳು ಕಣ್ಣು ಮುಚ್ಚುವಳು. ಅರೆನಿದ್ದೆಯಲ್ಲಿ ಮಂಚ ದೋಣಿಯಾಗುತ್ತಿತ್ತು, ಕೋಣೆ ತುಂಗಭದ್ರೆಯ ನೀರಾಗುತ್ತಿತ್ತು. ಕಣ್ಣು ತೆರೆದಾಗ ಬೆಕ್ಕು ಒಂದು ಗೇಣು ಮುಂದೆ ಬಂದಿರುತ್ತಿತ್ತು. ಅವಳು ನೋಡಿಯೂ ನೋಡದಂತೆ ಮಗ್ಗುಲು ಬದಲಿಸುತ್ತಿದ್ದಳು.

ಹಾಗೆ ಒಂದು ಭಾನುವಾರ ಅವಳು ಗೋಡೆಗೊರಗಿ ಅಕ್ಕಿ ಆರಿಸುತ್ತಿದ್ದಾಗ ರತ್ನಿ ಬಿಸಿಲಿನ ಎಳೆಯನ್ನು ದಾಟಿ ಬಂತು. ಮೊರವನ್ನು ಮೂಸಿತು. ಆಮೇಲೆ, ಇದೆಲ್ಲ ಮೊದಲಿನಿಂದಲೂ ತನ್ನದೇ ಎಂಬ ಠೀವಿಯಲ್ಲಿ ಅವಳ ಮಡಿಲಿಗೆ ಏರಿ ಮುದುರಿಕೊಂಡಿತು. ದುರ್ಗವ್ವ ಉಸಿರು ಬಿಗಿಹಿಡಿದಳು. ಸಂತೋಷಕ್ಕೆ ಅವಳ ಕಣ್ಣು ಮಂಜಾದವು.

ಆಮೇಲೆ ಕಾದಳು. ಗುರುಗುಡಲಿ ಎಂದು ಕಾದಳು. ತಲೆ ಬಗ್ಗಿಸಿ, ಕಿವಿಯನ್ನು ಬೆಕ್ಕಿನ ಹತ್ತಿರಕ್ಕೆ ತಂದು ಆಲಿಸಿದಳು. ಏನೂ ಇಲ್ಲ. ಹತ್ತಿಯಂಥ ಮೌನ. ಮರುದಿನವೂ ರತ್ನಿ ಮಡಿಲೇರಿತು, ಅದರ ಮರುದಿನವೂ. ಆದರೂ ಸದ್ದಿಲ್ಲ. ಹೊಟ್ಟೆಪಾಡಿಗಾಗಿ ಬರುತ್ತದೆ, ಮನಸ್ಸಿಲ್ಲ ಇದಕ್ಕೆ, ಎಂದು ದುರ್ಗವ್ವ ತೀರ್ಮಾನಿಸಿಬಿಟ್ಟಳು. ಯುಗಾದಿಯ ಹಿಂದಿನ ದಿನ ತಾರಸಿಯ ಅಂಚಿನಿಂದ ಒಡತಿಯನ್ನು ಕೂಗಿ ಕರೆದು, ಒಳಗೆ ಬಂದು ಕೂತಳು. ಬೆಕ್ಕು ಮತ್ತೆ ಮಡಿಲಿಗೆ ಬಂತು.

ನಾಗಲಕ್ಷ್ಮಮ್ಮ ಬಾಗಿಲಿಗೆ ಬಂದಾಗ ದುರ್ಗವ್ವ ತಲೆ ಎತ್ತಲಿಲ್ಲ. "ಒಯ್ರಿ ಅಕ್ಕಾರ. ಒಂದ್ ಸಲಾನೂ ಗುರುಗುಡಲಿಲ್ಲರೀ ಇದು. ನನ್ನ ಹಂತ್ಯಾಕ ಅದಕ್ಕ ಸುಖ ಇಲ್ಲ."

ನಾಗಲಕ್ಷ್ಮಮ್ಮ ಹೊಸ್ತಿಲಲ್ಲೇ ನಿಂತರು. "ಏನೇ ಅಂತಿದ್ದೀಯ? ಬೀಸೋ ಕಲ್ಲು ತಿರುಗಿದಂಗೆ ಗುರುಗುಡ್ತಾ ಐತಲ್ಲೇ! ಬಾಗ್ಲಿಗೇ ಕೇಳುಸ್ತೈತೆ!"

"ಈಗ?"

"ಈಗ್ಲೇ ಕಣೆ!"

ದುರ್ಗವ್ವ ಬೆಕ್ಕನ್ನು ನೋಡಿದಳು, ಒಡತಿಯ ಮುಖ ನೋಡಿದಳು. ಮೃದುವಾದ ಆ ಭಾನುವಾರಗಳೆಲ್ಲ ಏನೆಂದು ಅವಳಿಗೆ ಆಗ ತಿಳಿಯಿತು. ಕಿವಿಯ ಮೇಲೆ ಕೈಯಿಟ್ಟುಕೊಂಡಳು.

ನಾಗಲಕ್ಷ್ಮಮ್ಮನಿಗೂ ತಿಳಿಯಿತು. ಪಕ್ಕದಲ್ಲಿ ಕುಳಿತು, ದುರ್ಗವ್ವನ ಒರಟು ಅಂಗೈಯನ್ನು ಕಿವಿಯಿಂದ ಬಿಡಿಸಿ ರತ್ನಿಯ ಎದೆಗೆ ಒತ್ತಿ ಹಿಡಿದರು. ಬೆರಳುಗಳ ಕೆಳಗೆ ಬೆಚ್ಚಗೆ, ಎಡೆಬಿಡದೆ, ಏನೋ ನಡುಗುತ್ತಿತ್ತು.

"ಇದನ್ನ ಎಲ್ಲಿಗೂ ಕಳಸಬ್ಯಾಡ್ರೀ ಅಕ್ಕಾರ!" ಎಂದಳು ದುರ್ಗವ್ವ, ಬೀದಿಗೆಲ್ಲ ಕೇಳುವಂತೆ.

ರತ್ನಿ ಕಣ್ಣು ಕೂಡ ತೆರೆಯಲಿಲ್ಲ.